ಯಾರಿಂದ ಗೋಪ್ಯ?

“ಅದು ಕಾನ್ಫಿಡೆನ್ಷಿಯಲ್ ರೀ, ಕೊಡೋಕೆ ಬರಲ್ಲ.” ಕಚೇರಿಯೊಳಗಿನ ದೂರು, ವಿಚಾರಣೆ ಎಂಬ ಸುಳಿಯಲ್ಲಿ ಸಿಕ್ಕವರು ಯಾರೇ ಆಗಲಿ, ಈ ಮಾತನ್ನು ಒಮ್ಮೆಯಾದರೂ ಕೇಳಿಸಿಕೊಂಡಿರುತ್ತಾರೆ. ದೂರು ಕೊಟ್ಟ ಹೆಣ್ಣುಮಗಳು ಸಮಿತಿಯ ಮುಂದೆ ತಾನೇ ಕೊಟ್ಟ ಹೇಳಿಕೆಯ ನಕಲು ಕೇಳಿದರೆ ಈ ಉತ್ತರ. ಆಪಾದನೆ ಹೊತ್ತವನು ಸಾಕ್ಷಿಗಳು ಏನು ಹೇಳಿದರು ಎಂದು ಕೇಳಿದರೂ ಇದೇ ಉತ್ತರ. ಅಷ್ಟು ಹೊತ್ತಿಗೆ ಕ್ಯಾಂಟೀನಿನಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಾಗಿರುತ್ತದೆ. ಗುಟ್ಟು ಗುಟ್ಟಾಗಿ ಉಳಿಯುವುದು ಅದನ್ನು ತಿಳಿಯಲೇಬೇಕಾದ ಇಬ್ಬರ ಪಾಲಿಗೆ ಮಾತ್ರ.

ಗೋಪ್ಯತೆ ಬೇಕೇ ಎಂಬುದು ಇಲ್ಲಿನ ಚರ್ಚೆಯಲ್ಲ. ಬೇಕು. ಹೆಸರು ಹೊರಬೀಳುತ್ತದೆ ಎಂಬ ಭಯಕ್ಕೇ ಎಷ್ಟೋ ಹೆಣ್ಣುಮಕ್ಕಳು ದೂರು ಕೊಡದೆ ಕೆಲಸ ಬಿಟ್ಟು ಹೋಗುತ್ತಾರೆ. ಆಪಾದನೆ ಸುಳ್ಳೆಂದು ತೀರ್ಮಾನವಾದ ಮೇಲೂ ಊರ ಬಾಯಲ್ಲಿ ಅಪರಾಧಿಯಾಗಿಯೇ ಉಳಿದ ಗಂಡಸರೂ ಇದ್ದಾರೆ. ಆದರೆ ಯಾರಿಂದ ಗೋಪ್ಯ ಎಂಬ ಪ್ರಶ್ನೆಯನ್ನು ನಮ್ಮ ಸಂಸ್ಥೆಗಳು ಕೇಳಿಕೊಳ್ಳುವುದೇ ಇಲ್ಲ. ಗೋಡೆ ಇರಬೇಕಾದ್ದು ವಿಚಾರಣೆಯ ಸುತ್ತ. ನಮ್ಮಲ್ಲಿ ಅದನ್ನು ವಿಚಾರಣೆಯ ನಟ್ಟನಡುವೆ ಎಬ್ಬಿಸುತ್ತಾರೆ, ಸುತ್ತಲೂ ಬಯಲು ಬಿಡುತ್ತಾರೆ.

ಕಾನೂನು ಏನು ಹೇಳುತ್ತದೆ ನೋಡೋಣ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಅಂದರೆ ಆಫೀಸಿನ ಭಾಷೆಯಲ್ಲಿ ‘ಪಾಶ್’, ತನ್ನ 16ನೇ ಕಲಮಿನಲ್ಲಿ ಗೋಪ್ಯತೆಯ ಮಾತಾಡುತ್ತದೆ. ದೂರಿನ ವಿವರ, ದೂರುದಾರೆ, ಆಪಾದಿತ ಮತ್ತು ಸಾಕ್ಷಿಗಳ ಗುರುತು, ರಾಜಿ ಹಾಗೂ ವಿಚಾರಣೆಯ ಸಂಗತಿ, ಸಮಿತಿಯ ಶಿಫಾರಸು ಇವನ್ನು ಸಾರ್ವಜನಿಕರಿಗೆ, ಪತ್ರಿಕೆಗಳಿಗೆ, ಮಾಧ್ಯಮಕ್ಕೆ ಯಾವ ರೀತಿಯಲ್ಲೂ ತಿಳಿಸಕೂಡದು. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಏನೇ ಇದ್ದರೂ ಈ ಮಾತಿಗೆ ತೊಡಕಿಲ್ಲ. ಇಷ್ಟು ಬಿಗಿಯಾದ ಕಲಮಿನಲ್ಲೂ ದೂರುದಾರೆಗೆ ತಿಳಿಸಬಾರದು, ಆಪಾದಿತನಿಗೆ ತಿಳಿಸಬಾರದು ಎಂದು ಎಲ್ಲೂ ಇಲ್ಲ. ಇರಲು ಸಾಧ್ಯವೂ ಇಲ್ಲ. ಅದೇ ಕಾಯ್ದೆಯಡಿ ಬಂದ 7ನೇ ನಿಯಮದ ಪ್ರಕಾರ ದೂರನ್ನು ಆರು ಪ್ರತಿಗಳಲ್ಲಿ ಕೊಡಬೇಕು. ಏಳು ಕೆಲಸದ ದಿನಗಳೊಳಗೆ ಒಂದು ಪ್ರತಿ ಆಪಾದಿತನಿಗೆ ಹೋಗಬೇಕು. ಅವನು ಹತ್ತು ಕೆಲಸದ ದಿನಗಳಲ್ಲಿ ತನ್ನ ದಾಖಲೆ, ಸಾಕ್ಷಿಗಳ ಪಟ್ಟಿ ಸಮೇತ ಉತ್ತರ ಕೊಡಬೇಕು. ಇಬ್ಬರೂ ಅದೇ ಸಂಸ್ಥೆಯ ನೌಕರರಾಗಿದ್ದರೆ ಸಮಿತಿಯ ನಿರ್ಣಯದ ಪ್ರತಿಯನ್ನು ಇಬ್ಬರಿಗೂ ಕೊಟ್ಟು, ಅದರ ವಿರುದ್ಧ ಹೇಳುವುದಿದ್ದರೆ ಕೇಳಬೇಕೆಂದು 11ನೇ ಕಲಂ ಹೇಳುತ್ತದೆ.

ಆದರೆ ಇದೇ ನಿಯಮದಲ್ಲಿ ಕೆಲವು ಕಡೆ ಮೌನವಿದೆ. ಆಪಾದಿತನ ಉತ್ತರದ ಪ್ರತಿ ದೂರುದಾರೆಗೆ ಸಿಗಬೇಕೇ? ಸ್ಪಷ್ಟ ಮಾತಿಲ್ಲ. ಸಾಕ್ಷಿಗಳ ಹೇಳಿಕೆಗಳ ಪ್ರತಿ? ಅದಕ್ಕೂ ಇಲ್ಲ. ವಿಚಾರಣೆ ಸಹಜ ನ್ಯಾಯದ ತತ್ವಗಳಂತೆ ನಡೆಯಬೇಕು ಎಂಬ ಒಂದು ಸಾಲಿದೆ ಅಷ್ಟೆ. ವಕೀಲರಿಗೆ ಪ್ರವೇಶವಿಲ್ಲದ, ನಾಲ್ಕು ಮಂದಿಯಲ್ಲಿ ಮೂವರು ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದು ಕೂರುವ ಸಮಿತಿಗೆ ಆ ಒಂದು ಸಾಲಿನಿಂದ ಇಡೀ ಕಾರ್ಯವಿಧಾನ ಹೊಳೆಯಬೇಕು. ಹೊಳೆಯುವುದಿಲ್ಲ. ಆಗ ಅವರು ಸುಲಭದ ದಾರಿ ಹಿಡಿಯುತ್ತಾರೆ: ಕೊಡದಿರುವುದು. ಕೊಟ್ಟು ಸಿಕ್ಕಿಬೀಳುವ ಭಯ ಇದೆ, ಕೊಡದೆ ಸಿಕ್ಕಿಬೀಳುವ ಭಯ ಯಾರಿಗೂ ಇಲ್ಲ.

ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಹಳೆಯ ಪ್ರಕರಣವಿದೆ. ಉತ್ತರಪ್ರದೇಶದ ಪೊಲೀಸ್ ಅಧಿಕಾರಿ ಕಾಶೀನಾಥ ದೀಕ್ಷಿತ ಎಂಬವರ ಇಲಾಖಾ ವಿಚಾರಣೆಯಲ್ಲಿ 38 ಸಾಕ್ಷಿಗಳು, 112 ದಾಖಲೆಗಳು ಇದ್ದವು. ಹೇಳಿಕೆಗಳ ನಕಲು ಕೊಡಿ ಎಂದು ಅವರು ಕೇಳಿದರು. ಬಂದು ಓದಿಕೊಂಡು ಹೋಗಿ, ನಕಲು ಕೊಡುವುದಿಲ್ಲ ಎಂದಿತು ಸರ್ಕಾರ. ಬರೆದುಕೊಳ್ಳಲು ಸ್ಟೆನೋಗ್ರಾಫರನ್ನು ಕರೆತರುತ್ತೇನೆ ಎಂದರೆ ಅದಕ್ಕೂ ಒಪ್ಪಲಿಲ್ಲ. ವಜಾ ಆಯಿತು. 1986ರಲ್ಲಿ ಸುಪ್ರೀಂ ಕೋರ್ಟ್ ಆ ವಜಾವನ್ನು ರದ್ದು ಮಾಡಿತು. ಒಬ್ಬ ಮನುಷ್ಯ ಅಷ್ಟನ್ನೂ ಓದಿ, ತಲೆಯಲ್ಲಿಟ್ಟುಕೊಂಡು ಪಾಟೀಸವಾಲು ಮಾಡಬೇಕೆಂದು ನಿರೀಕ್ಷಿಸುವುದು ಅವಕಾಶ ಕೊಟ್ಟಂತಲ್ಲ ಎಂಬುದು ಅದರ ತಾತ್ಪರ್ಯ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಇಂದಿಗೂ “ಬಂದು ನೋಡ್ಕೊಂಡು ಹೋಗಿ” ಎನ್ನುವ ಮಾತು ಹೋಗಿಲ್ಲ. ಜಾಸ್ತಿ ಕೇಳಿದರೆ “ಆರ್‌ಟಿಐ ಹಾಕಿ” ಎನ್ನುತ್ತಾರೆ. ತನ್ನದೇ ವಿಚಾರಣೆಯ ಕಾಗದ ಪಡೆಯಲು ಒಬ್ಬ ಗುಮಾಸ್ತ ದಾರಿಹೋಕನಂತೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಿಡಿದು ನಿಲ್ಲಬೇಕು!

ಇನ್ನು ಗೋವಾ ವಿಶ್ವವಿದ್ಯಾಲಯದ ಪ್ರಕರಣ. ಒಬ್ಬ ವಿಭಾಗ ಮುಖ್ಯಸ್ಥರ ವಿರುದ್ಧ ವಿದ್ಯಾರ್ಥಿನಿಯರು 2009ರಲ್ಲಿ ಲೈಂಗಿಕ ಕಿರುಕುಳದ ದೂರು ಕೊಟ್ಟರು. ಸಮಿತಿ ಮೊದಲು ನಿಧಾನಕ್ಕೆ ನಡೆದು, ಆಮೇಲೆ ದಿನ ಬಿಡದೆ ಸಭೆ ಮಾಡಿ ಕೆಲಸ ಮುಗಿಸಿತು. ಹೇಳಿಕೆಗಳನ್ನು ಓದಿ ಉತ್ತರಿಸಲು, ಪಾಟೀಸವಾಲಿಗೆ ಸಿದ್ಧವಾಗಲು ಆಪಾದಿತರಿಗೆ ಸಾಕಷ್ಟು ಕಾಲ ಸಿಗಲಿಲ್ಲ. ವಜಾ ಆದರು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ವಜಾವನ್ನು ರದ್ದುಗೊಳಿಸಿ, ವಿಚಾರಣೆ 2009ರ ಮೇ 5ರಂದು ಯಾವ ಹಂತದಲ್ಲಿತ್ತೋ ಅಲ್ಲಿಂದ ಮತ್ತೆ ನಡೆಸಿ ಎಂದಿತು. ಇದನ್ನು ಆಪಾದಿತರ ಗೆಲುವು ಎಂದು ಓದುವವರು ಹೆಚ್ಚು. ನನಗೆ ಕಾಣುವುದು ಆ ವಿದ್ಯಾರ್ಥಿನಿಯರು. ಇಪ್ಪತ್ತರ ಹರೆಯದಲ್ಲಿ ಕೊಟ್ಟ ಹೇಳಿಕೆಯನ್ನು ಹದಿನಾಲ್ಕು ವರ್ಷದ ನಂತರ ಮತ್ತೆ ಎತ್ತಿ ಹಿಡಿಯಬೇಕಾಗಿ ಬಂದದ್ದು ಅವರಿಗೆ. ಸಾಕ್ಷ್ಯ ನೋಡುವ ಅವಕಾಶವನ್ನು ಮೊಟಕು ಮಾಡಿದರೆ ದೂರುದಾರೆಗೆ ಉಪಕಾರವಾಗುತ್ತದೆ ಎಂಬ ನಂಬಿಕೆ ಎಷ್ಟು ದುಬಾರಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ಎಲ್ಲವನ್ನೂ ಎಲ್ಲರ ಕೈಗಿಡಬೇಕೇ? ಇಲ್ಲ. ಎದುರುವಾದದಲ್ಲಿ ಸತ್ವವಿದೆ, ಅದನ್ನು ಕಡೆಗಣಿಸಿ ಮುಂದೆ ಹೋಗಲಾಗದು. 1972ರ ಜೂನ್ ತಿಂಗಳ ಒಂದು ರಾತ್ರಿ ರಾಂಚಿಯ ರಾಜೇಂದ್ರ ಮೆಡಿಕಲ್ ಕಾಲೇಜಿನ ಕೆಲವು ಹುಡುಗರು ಹುಡುಗಿಯರ ಹಾಸ್ಟೆಲಿಗೆ ನುಗ್ಗಿದರು. ಹುಡುಗಿಯರು ಲಿಖಿತ ದೂರು ಕೊಟ್ಟರು. ಪ್ರಾಂಶುಪಾಲರು ನೇಮಿಸಿದ ಅಧ್ಯಾಪಕರ ಸಮಿತಿ ಹುಡುಗಿಯರ ಹೇಳಿಕೆಗಳನ್ನು ಆಪಾದಿತರ ಬೆನ್ನ ಹಿಂದೆ ದಾಖಲಿಸಿತು. ಆಪಾದಿತರ ಫೋಟೋಗಳನ್ನು ಬೇರೆ ಫೋಟೋಗಳ ಜತೆ ಬೆರೆಸಿಟ್ಟು ಗುರುತಿಸುವಂತೆ ಹೇಳಿತು. ಹುಡುಗರನ್ನು ಕರೆದು ದೂರಿನ ಸಾರಾಂಶ ತಿಳಿಸಿ ಉತ್ತರ ಪಡೆಯಿತು. ಹುಡುಗಿಯರ ಹೆಸರು ಹೇಳಲಿಲ್ಲ, ಪಾಟೀಸವಾಲಿಗೆ ಬಿಡಲಿಲ್ಲ. ಹುಡುಗರನ್ನು ಕಾಲೇಜಿನಿಂದ ಹೊರಹಾಕಿದ್ದನ್ನು 1973ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹೆಸರು ಗೊತ್ತಾದರೆ ಆ ಹುಡುಗಿಯರು ಕಾಲೇಜಿನ ಹೊರಗೆ, ರಸ್ತೆಯಲ್ಲಿ ಯಾವ ಕಾಟ ಅನುಭವಿಸಬೇಕಾದೀತು ಎಂಬುದನ್ನು ಕೋರ್ಟು ತೂಗಿ ನೋಡಿತು. ಸಹಜ ನ್ಯಾಯ ಎಲ್ಲ ಕಡೆಗೂ ಒಂದೇ ಅಳತೆಯ ಅಂಗಿಯಲ್ಲ ಎಂಬ ಈ ತೀರ್ಪನ್ನು ಅಂದಿನಿಂದಲೂ ಸಮಿತಿಗಳು ಆಧಾರವಾಗಿ ಹಿಡಿಯುತ್ತ ಬಂದಿವೆ.

ಆದರೆ ಅದನ್ನು ಪೂರ್ತಿ ಓದಿದವರು ಕಡಿಮೆ ಎಂದು ನನ್ನ ಗುಮಾನಿ. ಗೋಪ್ಯತೆಯ ಪರವಾಗಿ ಅಷ್ಟು ದೂರ ಹೋದ ಆ ಪ್ರಕರಣದಲ್ಲೂ ಹುಡುಗರಿಗೆ ತಮ್ಮ ಮೇಲಿನ ಆಪಾದನೆ ಏನೆಂಬುದು ಗೊತ್ತಿತ್ತು. ಮುಚ್ಚಿಟ್ಟದ್ದು ಹೆಸರನ್ನು. ಕಾರಣವೂ ಖಚಿತವಾಗಿತ್ತು, ಭಯ ನಿಜವಾದದ್ದಾಗಿತ್ತು. ಐಟಿ ಕಂಪನಿಯ ಮೀಟಿಂಗ್ ರೂಮಿನಲ್ಲಿ, ದೂರುದಾರೆ ಯಾರೆಂದು ಆಪಾದಿತನಿಗೆ ಚೆನ್ನಾಗಿ ಗೊತ್ತಿರುವಾಗ, ಅವಳ ಇಮೇಲನ್ನು ಅವನಿಗೆ ತೋರಿಸುವುದಿಲ್ಲ ಎನ್ನಲು ರಾಂಚಿಯ ಹಾಸ್ಟೆಲನ್ನು ನೆಪ ಮಾಡಿಕೊಳ್ಳುವುದು ಸರಿಯಲ್ಲ.

ಇಲ್ಲೊಂದು ವ್ಯತ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಸುಳಿವು ಕೊಟ್ಟವನು ಬೇರೆ, ಸಾಕ್ಷಿ ನುಡಿದವನು ಬೇರೆ. ಖರೀದಿ ವಿಭಾಗದ ಮ್ಯಾನೇಜರ್ ಸುಳ್ಳು ಬಿಲ್ಲು ಹಾಕುತ್ತಿದ್ದಾನೆಂದು ಯಾರೋ ಹೆಸರಿಲ್ಲದ ಪತ್ರ ಬರೆದರು ಎನ್ನಿ. ಆಡಿಟ್‌ನವರು ಹೋಗಿ ಬಿಲ್ಲು, ಗೇಟ್ ಪಾಸು, ಬ್ಯಾಂಕಿನ ಸ್ಟೇಟ್‌ಮೆಂಟು ತಾಳೆ ನೋಡಿ ಸುಳ್ಳನ್ನು ಹಿಡಿದರು. ಆ ಪತ್ರ ಬರೆದವನ ಹೆಸರು ಮ್ಯಾನೇಜರಿಗೆ ಬೇಕಾಗಿಯೇ ಇಲ್ಲ. ಅವನ ವಿರುದ್ಧ ಮಾತಾಡುತ್ತಿರುವುದು ಬಿಲ್ಲುಗಳು. ಆ ಹೆಸರನ್ನು ಎಷ್ಟು ಭದ್ರವಾಗಿ ಮುಚ್ಚಿಟ್ಟರೂ ಅನ್ಯಾಯವಿಲ್ಲ. ಆದರೆ “ನನ್ನ ಮುಂದೆಯೇ ಲಂಚ ಎಣಿಸಿದ” ಎಂಬ ಒಬ್ಬನ ಮಾತೇ ಇಡೀ ಕೇಸಿನ ಬುಡವಾದರೆ, ಅವನು ಯಾರು, ಅಂದು ಅಲ್ಲಿದ್ದನೇ, ಮ್ಯಾನೇಜರ ಜತೆ ಅವನಿಗೆ ಹಳೆಯ ಜಗಳವಿತ್ತೇ ಎಂದು ಕೇಳದೆ ತೀರ್ಮಾನ ಮಾಡಲಾಗದು. ಹೆಸರು ಹೇಳಲು ಆತ ಒಪ್ಪದಿದ್ದರೆ ಆ ಮಾತನ್ನು ಬಿಟ್ಟೇ ಕೇಸು ನಿಲ್ಲುತ್ತದೆಯೇ ನೋಡಬೇಕು. ತೋರಿಸಲಾಗದ್ದನ್ನು ತೀರ್ಪಿಗೆ ಬಳಸಬಾರದು. ಇಷ್ಟೊಂದನ್ನು ಒಪ್ಪಿಕೊಂಡರೆ ಅರ್ಧ ಗೊಂದಲ ಬಗೆಹರಿಯುತ್ತದೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ತನಿಖಾ ವರದಿಯನ್ನು ನೋಟಿಸ್ ಪಡೆದವರಿಗೆ ತೋರಿಸಬೇಕೇ ಎಂಬ ಪ್ರಶ್ನೆ ಬಂದಾಗ 2022ರಲ್ಲಿ ಸುಪ್ರೀಂ ಕೋರ್ಟ್ ಹೆಚ್ಚುಕಡಿಮೆ ಈ ದಾರಿಯನ್ನೇ ಹಿಡಿಯಿತು: ಸಂಬಂಧಪಟ್ಟದ್ದನ್ನು ಕೊಡಿ, ಮೂರನೆಯವರ ಖಾಸಗಿ ವಿವರಗಳನ್ನು ಮಾತ್ರ ಮರೆಮಾಡಿ.

ನಕಲೇ ಅಪಾಯವಾಗುವ ಸಂದರ್ಭವೂ ಇದೆ. ಮಲಯಾಳ ಚಿತ್ರರಂಗದ ನಟಿಯೊಬ್ಬರ ಮೇಲೆ 2017ರಲ್ಲಿ ನಡೆದ ದೌರ್ಜನ್ಯದ ದೃಶ್ಯಗಳಿದ್ದ ಮೆಮೊರಿ ಕಾರ್ಡಿನ ಪ್ರತಿ ತನಗೆ ಬೇಕೆಂದು ಆರೋಪಿಗಳಲ್ಲೊಬ್ಬರು ಸುಪ್ರೀಂ ಕೋರ್ಟಿನ ತನಕ ಹೋದರು. ಕ್ರಿಮಿನಲ್ ಮೊಕದ್ದಮೆ, ಹಾಗಾಗಿ ದಾಖಲೆಯ ನಕಲು ಆರೋಪಿಯ ಹಕ್ಕು. ಆದರೂ 2019ರ ನವೆಂಬರಿನಲ್ಲಿ ಕೋರ್ಟು ಪ್ರತಿ ಕೊಡಲು ಒಪ್ಪಲಿಲ್ಲ. ವಕೀಲ ಮತ್ತು ತಜ್ಞರೊಂದಿಗೆ ಬಂದು ಪರಿಶೀಲಿಸಬಹುದು ಎಂದಿತು. ಕಾಶೀನಾಥ ದೀಕ್ಷಿತರಿಗೆ “ಬಂದು ನೋಡಿ” ಸಾಕಾಗಲಿಲ್ಲ, ಇಲ್ಲಿ ಸಾಕಾಯಿತು. ವಿರೋಧಾಭಾಸವೇನಲ್ಲ. ಹೇಳಿಕೆಯ ಕಾಗದ ಸೋರಿದರೆ ಮುಜುಗರ. ಆ ದೃಶ್ಯ ಸೋರಿದರೆ ಅದೇ ದೌರ್ಜನ್ಯ ಸಾವಿರ ಸಲ ಮತ್ತೆ ನಡೆದಂತೆ. ಯಾವ ದಾಖಲೆಯಿಂದ ಯಾರಿಗೆ ಎಂಥ ಹಾನಿ ಎಂದು ಒಂದೊಂದಾಗಿ ತೂಗಬೇಕು. ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ‘ಗೋಪ್ಯ’ ಎಂದು ಮೊಹರು ಒತ್ತಿದರೆ ಆ ತೂಕ ಆದಂತಲ್ಲ.

ನಮ್ಮ ಕಚೇರಿಗಳಲ್ಲಿ ದಿನಾ ಎದುರಾಗುವ ಒಂದು ಸನ್ನಿವೇಶ ತೆಗೆದುಕೊಳ್ಳಿ. ರಾತ್ರಿ ಹನ್ನೊಂದೂವರೆಗೆ ಟೀಮ್ ಲೀಡ್ ಕಳಿಸಿದ ಒಂದು ವಾಟ್ಸ್ಆ್ಯಪ್ ಮೆಸೇಜಿನ ಸ್ಕ್ರೀನ್‌ಶಾಟ್ ದೂರಿನ ಜತೆ ಇದೆ. ಹಿಂದುಮುಂದಿನ ಮಾತು ಬಿಟ್ಟು ಇದೊಂದನ್ನೇ ಕತ್ತರಿಸಿ ಹಾಕಿದ್ದಾರೆ ಎನ್ನುತ್ತಾನೆ ಅವನು, ಪೂರ್ತಿ ಚಾಟ್ ಬೇಕೆನ್ನುತ್ತಾನೆ. ಕೇಳುವುದರಲ್ಲಿ ನ್ಯಾಯವಿದೆ. ಅವಳು ಗಾಬರಿಯಾಗುತ್ತಾಳೆ. ಯಾಕೆಂದರೆ ಆ ಎಂಟು ತಿಂಗಳ ಚಾಟ್‌ನಲ್ಲಿ ಅಮ್ಮನ ಸ್ಕ್ಯಾನಿಂಗ್ ರಿಪೋರ್ಟಿದೆ, ಸಂಬಳ ಸಾಲದೆ ಕೇಳಿದ ಕೈಸಾಲವಿದೆ, ಪಕ್ಕದ ಸೀಟಿನ ಗೆಳತಿಯ ಮದುವೆ ಮುರಿದ ಕಥೆಯಿದೆ. ಗಾಬರಿಯಲ್ಲೂ ನ್ಯಾಯವಿದೆ. ಸಮಿತಿಗೆ ತೋಚುವುದು ಎರಡೇ: ಪೂರ್ತಿ ತೆಗೆದುಕೊಂಡು ಫೈಲಿಗೆ ಸೇರಿಸು, ಇಲ್ಲವೇ ಕೇಳಿದ್ದನ್ನು ತಳ್ಳಿಹಾಕು. ನಡುವೆ ಒಂದು ದಾರಿ ಇದೆ, ಒಂದು ಮಧ್ಯಾಹ್ನದ ಕೆಲಸ. ಸಮಿತಿಯ ಅಧ್ಯಕ್ಷೆ ಮತ್ತು ಹೊರಗಿನ ಸದಸ್ಯೆ ಫೋನನ್ನು ಎದುರಿಗಿಟ್ಟುಕೊಂಡು ಕೂತು, ಆ ಮೆಸೇಜಿನ ಹಿಂದಿನ ಮುಂದಿನ ದಿನಗಳ ಸಂಭಾಷಣೆಯನ್ನೂ ಅವನು ಹೆಸರಿಸಿದ ಬೇರೆ ದಿನಾಂಕಗಳನ್ನೂ ಓದಲಿ. ದೂರಿಗೆ ಸಂಬಂಧಪಟ್ಟದ್ದು ಉಳಿಯಲಿ. ಉಳಿದ ಸಾಲುಗಳಿಗೆ ಕಪ್ಪು ಬಳಿದು, ಪಕ್ಕದಲ್ಲಿ ‘ಕುಟುಂಬದ ಆರೋಗ್ಯ’, ‘ಮೂರನೆಯವರ ವಿಷಯ’ ಎಂದು ಎರಡೆರಡು ಪದದ ಕಾರಣ ಬರೆಯಲಿ. ಹಾಗೆ ತಯಾರಾದ ಪ್ರತಿಯ ಮೇಲೆ ಪಡೆಯುವವರ ಹೆಸರನ್ನು ಅಡ್ಡಲಾಗಿ ಮುದ್ರಿಸಿ ಇಬ್ಬರಿಗೂ ಕೊಡಲಿ. ಆ ಹಾಳೆ ನಾಳೆ ಯಾರದೋ ಗ್ರೂಪಿನಲ್ಲಿ ಕಾಣಿಸಿಕೊಂಡರೆ ಎಲ್ಲಿಂದ ಹೋಯಿತೆಂದು ಹುಡುಕಬೇಕಾಗಿಲ್ಲ.

ಸೋರಿಕೆಗೆ ಶಿಕ್ಷೆ ಮಾತ್ರ ತಮಾಷೆಯಾಗಿದೆ. ಸೇವಾ ನಿಯಮಗಳಿಲ್ಲದ ಕಡೆ, ಗೋಪ್ಯತೆ ಮುರಿದವರಿಂದ ವಸೂಲಿ ಮಾಡಬೇಕಾದ ದಂಡ 5,000 ರೂಪಾಯಿ. ಹೊರಗೆ ಬಾಯಿಬಿಟ್ಟವರಿಗೆ ಇಷ್ಟು ಸಸಾರ, ಒಳಗೆ ಕಾಗದ ಕೇಳಿದವರಿಗೆ ಅಷ್ಟು ಬಿಗಿ. ಇದು ತಿರುವುಮುರುವಾಗಬೇಕು.

ಗೋಪ್ಯತೆಯ ಏಟು ಆಪಾದಿತನಿಗೆ ಮಾತ್ರ ಬೀಳುತ್ತದೆ ಎಂದು ತಿಳಿಯಬಾರದು. 2019ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟಿನ ಮಾಜಿ ಉದ್ಯೋಗಿಯೊಬ್ಬರು ಅಂದಿನ ಮುಖ್ಯ ನ್ಯಾಯಮೂರ್ತಿಯ ಮೇಲೆ ಲೈಂಗಿಕ ಕಿರುಕುಳದ ಆಪಾದನೆ ಮಾಡಿದರು; ಅವರು ಅದನ್ನು ನಿರಾಕರಿಸಿದರು. ಮೂವರು ನ್ಯಾಯಮೂರ್ತಿಗಳ ಆಂತರಿಕ ಸಮಿತಿ ಕೂತಿತು. ತನ್ನ ಜತೆ ವಕೀಲರಿಗಾಗಲಿ ಆಪ್ತರಿಗಾಗಲಿ ಅವಕಾಶವಿಲ್ಲ, ತನ್ನ ಹೇಳಿಕೆಯ ನಕಲನ್ನೂ ಕೊಡುತ್ತಿಲ್ಲ ಎಂದು ದೂರುದಾರೆ ಏಪ್ರಿಲ್ 30ರಂದು ವಿಚಾರಣೆಯಿಂದ ಹೊರನಡೆದರು. ಆಪಾದನೆಯಲ್ಲಿ ಹುರುಳಿಲ್ಲವೆಂದು ಸಮಿತಿ ಕಂಡುಕೊಂಡಿದೆ ಎಂದು ಮೇ 6ರಂದು ಪ್ರಕಟಣೆ ಬಂತು. ವರದಿಯ ಪ್ರತಿಯನ್ನು ಸಂಬಂಧಪಟ್ಟ ನ್ಯಾಯಮೂರ್ತಿಗೆ ಕಳಿಸಲಾಗಿದೆ ಎಂದು ಅದೇ ಪ್ರಕಟಣೆ ಹೇಳಿತು. ದೂರುದಾರೆಗೆ ಸಿಗಲಿಲ್ಲ. ವರದಿ ಹೊರಗೆಡಹುವಂತಿಲ್ಲ ಎನ್ನಲು ಆಧಾರವಾಗಿ ತೋರಿಸಿದ್ದು 2003ರ ತೀರ್ಪನ್ನು. ಅದು ನಮ್ಮ ನಾಡಿಗೇ ಸಂಬಂಧಪಟ್ಟದ್ದು: ಕರ್ನಾಟಕ ಹೈಕೋರ್ಟಿನ ಕೆಲವು ನ್ಯಾಯಮೂರ್ತಿಗಳ ಮೇಲೆ ಮೈಸೂರಿನ ಘಟನೆಯೊಂದರ ಬಗ್ಗೆ ಬಂದ ಆಪಾದನೆಗಳ ಆಂತರಿಕ ವರದಿಯನ್ನು ಬಹಿರಂಗಪಡಿಸಿ ಎಂದು ವಕೀಲೆ ಇಂದಿರಾ ಜೈಸಿಂಗ್ ಹೂಡಿದ್ದ ಅರ್ಜಿ. ಕೋರ್ಟು ಒಪ್ಪಿರಲಿಲ್ಲ. ಆದರೆ ಆ ಅರ್ಜಿದಾರರು ಘಟನೆಯ ಕಕ್ಷಿಗಾರರಲ್ಲ, ಹೊರಗಿನವರು. ಸಾರ್ವಜನಿಕರಿಗೆ ಕೊಡುವಂತಿಲ್ಲ ಎಂಬ ಮಾತು ಹದಿನಾರು ವರ್ಷದ ಮೇಲೆ, ದೂರು ಕೊಟ್ಟವಳಿಗೇ ಕೊಡುವಂತಿಲ್ಲ ಎಂದಾಯಿತು. ಗೋಡೆ ಸರಿದು ನಡುವೆ ಬಂದು ನಿಲ್ಲುವುದು ಹೀಗೆ, ಅದೂ ದೇಶದ ಅತಿ ದೊಡ್ಡ ನ್ಯಾಯಾಲಯದಲ್ಲಿ.

ಈ ಗೋಪ್ಯತೆಯಿಂದ ಲಾಭ ಯಾರಿಗೆ? ಬಹಳ ಸಲ ಇಬ್ಬರಿಗೂ ಅಲ್ಲ, ಸಂಸ್ಥೆಗೆ. ಸಾಕ್ಷಿಗಳ ಹೇಳಿಕೆ ಹೊರಬಂದರೆ ಎಚ್‌ಆರ್‌ಗೆ ಹಿಂದೆಯೇ ಎರಡು ಸಲ ಮೌಖಿಕ ದೂರು ಬಂದಿತ್ತು ಎಂಬುದೂ ಹೊರಬರುತ್ತದೆ. ಸಿಸಿಟಿವಿ ದೃಶ್ಯ ಗೋಪ್ಯ ಎನ್ನುತ್ತ ವಾರಗಳನ್ನು ತಳ್ಳಿದರೆ ಹಳೆಯದರ ಮೇಲೆ ಹೊಸದು ತಾನಾಗಿ ರೆಕಾರ್ಡ್ ಆಗಿ ಸಾಕ್ಷ್ಯವೇ ಅಳಿಸಿಹೋಗುತ್ತದೆ, ಯಾರೂ ಅಳಿಸಿದಂತಾಗಲಿಲ್ಲ. ದಾಖಲೆ ತರಿಸುವ ವಿಷಯದಲ್ಲಿ ಸಿವಿಲ್ ಕೋರ್ಟಿನ ಅಧಿಕಾರವನ್ನೇ ಕಾಯ್ದೆ ಸಮಿತಿಗೆ ಕೊಟ್ಟಿದೆ. ದೂರು ಬಂದ ದಿನವೇ ದೃಶ್ಯಗಳನ್ನೂ ಇಮೇಲುಗಳನ್ನೂ ಕಾದಿಡಿ ಎಂದು ಐಟಿ ವಿಭಾಗಕ್ಕೆ ಬರೆಯಲು ಸಮಿತಿಗೆ ಯಾರ ಅಪ್ಪಣೆಯೂ ಬೇಡ. ಇನ್ನು ಕೆಲವು ಕಂಪನಿಗಳು ದೂರುದಾರೆಯಿಂದ ಬರೆಸಿಕೊಳ್ಳುವ ಮುಚ್ಚಳಿಕೆಯಲ್ಲಿ ‘ಯಾರೊಂದಿಗೂ’ ಚರ್ಚಿಸುವುದಿಲ್ಲ ಎಂದಿರುತ್ತದೆ. ಯಾರೊಂದಿಗೂ ಎಂದರೆ ಅಮ್ಮ, ಗಂಡ, ಡಾಕ್ಟರು, ವಕೀಲರು ಎಲ್ಲರೂ ಬಂದರು. ಕಾಯ್ದೆ ಹೇಳುವುದು ಸಾರ್ವಜನಿಕರು, ಪತ್ರಿಕೆ, ಮಾಧ್ಯಮ ಎಂದು. 90 ದಿನದೊಳಗೆ ಮೇಲ್ಮನವಿ ಹಾಕುವ ಹಕ್ಕನ್ನು ಕೊಟ್ಟ ಕಾನೂನು, ಅದಕ್ಕಾಗಿ ವಕೀಲರನ್ನು ಕಾಣಬೇಡ ಎನ್ನಲು ಹೇಗೆ ಸಾಧ್ಯ?

ಸರ್ಕಾರಿ ನೌಕರರಿಗೆ ಒಂದು ಮಟ್ಟಿಗೆ ರಕ್ಷಣೆಯಿದೆ. ಕರ್ನಾಟಕ ಸಿವಿಲ್ ಸೇವೆಗಳ 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳಲ್ಲಿ ದೋಷಾರೋಪಣೆಯ ಜತೆ ದಾಖಲೆ ಮತ್ತು ಸಾಕ್ಷಿಗಳ ಪಟ್ಟಿ ಕೊಡಬೇಕೆಂದಿದೆ, ವಿಚಾರಣಾಧಿಕಾರಿ ಇದ್ದಾನೆ, ಮಂಡನಾಧಿಕಾರಿ ಇದ್ದಾನೆ. ಖಾಸಗಿ ವಲಯದಲ್ಲಿ ಇದು ಕಂಪನಿಯ ಪಾಲಿಸಿಯ ಮೇಲೆ ನಿಂತಿದೆ. ವಿಚಾರಣೆಯ ರೀತಿನೀತಿ ಗೊತ್ತುಮಾಡುತ್ತಿದ್ದ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡುತ್ತ ಬಂದು, 2024ರಲ್ಲಿ ಮತ್ತೆ ಐದು ವರ್ಷಕ್ಕೆ ಮುಂದುವರಿಸಿತು. ಅದಕ್ಕೆ ಹಾಕಿದ ಷರತ್ತುಗಳಲ್ಲಿ ಲೈಂಗಿಕ ಕಿರುಕುಳದ ಆಂತರಿಕ ಸಮಿತಿ ಮತ್ತು ಕುಂದುಕೊರತೆ ಸಮಿತಿ ಇರಲೇಬೇಕೆಂಬುದು ಸೇರಿತ್ತು. ಸಮಿತಿ ಇರಬೇಕು ಎಂದ ಸರ್ಕಾರ, ಆ ಸಮಿತಿ ಯಾವ ಕಾಗದವನ್ನು ಯಾರಿಗೆ, ಎಷ್ಟು ದಿನದೊಳಗೆ ಕೊಡಬೇಕು ಎಂಬುದನ್ನೂ ಷರತ್ತಿನಲ್ಲಿ ಸೇರಿಸಬಹುದಿತ್ತು. ಕಾರ್ಮಿಕ ಇಲಾಖೆ ಒಂದು ಪುಟದ ಮಾದರಿ ಕಾರ್ಯವಿಧಾನ ಹೊರಡಿಸಿದರೆ ಸಾಕು: ಇಬ್ಬರ ಬರಹಗಳೂ ಇಬ್ಬರಿಗೂ, ಅವರವರ ಹೇಳಿಕೆಯ ನಕಲು ಸಹಿ ಹಾಕಿದ ದಿನವೇ, ಎದುರುಬದುರು ಕೂರಲು ಮನಸ್ಸಿಲ್ಲದಿದ್ದರೆ ಪ್ರಶ್ನೆಗಳು ಬರಹದಲ್ಲಿ ಸಮಿತಿಯ ಮೂಲಕ, ಏನನ್ನಾದರೂ ತಡೆಹಿಡಿದರೆ ಲಿಖಿತ ಕಾರಣ, ಮತ್ತು ತಡೆಹಿಡಿದದ್ದು ತೀರ್ಮಾನದಲ್ಲಿ ಎಲ್ಲೂ ಕಾಣಿಸಿಕೊಳ್ಳಕೂಡದು.

ಅಲ್ಲಿಯವರೆಗೆ ನೌಕರರು ತಾವೇ ಮಾಡಬಹುದಾದ್ದು ಒಂದಿದೆ. ನಿಮ್ಮ ಕಂಪನಿಯ ಪಾಶ್ ಪಾಲಿಸಿ ಇಂಟ್ರಾನೆಟ್ಟಿನಲ್ಲಿ ಎಲ್ಲೋ ಇರುತ್ತದೆ. ತೆರೆದು ಓದಿ. ಗೋಪ್ಯತೆಯ ಬಗ್ಗೆ ಪ್ಯಾರಾಗಟ್ಟಲೆ ಬರೆದು, ನಕಲು ಕೊಡುವ ಬಗ್ಗೆ ಒಂದು ಸಾಲನ್ನೂ ಬರೆಯದಿದ್ದರೆ ಎಚ್‌ಆರ್‌ಗೂ ಸಮಿತಿಯ ಹೊರಗಿನ ಸದಸ್ಯರಿಗೂ ಈಗಲೇ ಪತ್ರ ಬರೆದು ಕೇಳಿ. ಯಾವ ದೂರೂ ಇಲ್ಲದ ಹೊತ್ತಿನಲ್ಲಿ ಕೇಳಿದರೆ ಅದು ನಿಯಮದ ಮಾತಾಗುತ್ತದೆ; ದೂರು ಬಂದ ಮೇಲೆ ಕೇಳಿದರೆ ಯಾರದೋ ಪಕ್ಷ ವಹಿಸಿದ್ದೀರಿ ಎನ್ನುತ್ತಾರೆ.